ಡಿಸೆಂಬರಿನ ಹುಳಿ

ಅತ್ತಿಗೆ: ಈ ಒಣ ಕ್ರ್ಯಾನ್‌ಬೆರಿ ಪೊಟ್ಟಣಕ್ಕೆ ಎಷ್ಟು ಕೊಟ್ಟೆ?

ನಾದಿನಿ: ಮುನ್ನೂರು ರೂಪಾಯಿ ಹತ್ತಿರ. ಚಿತ್ರದುರ್ಗದ ಅಂಗಡಿಗಳಲ್ಲಿ ಹುಡುಕಿ ಸಾಕಾಗಿ ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. ಕ್ರಿಸ್‌ಮಸ್ ರಜೆಗೆ ನಮ್ಮ ಕಾಲೇಜಿನ ನಾಲ್ಕಾರು ಮನೆಯವರು ಊಟಕ್ಕೆ ಬರ್ತಾರೆ ಅತ್ತಿಗೆ. ನಾವು ಬಾಸ್ಟನ್ ಕಡೆ ಇದ್ದಾಗ ಡಿಸೆಂಬರ್ ಬಂತು ಅಂದ್ರೆ ಕ್ರ್ಯಾನ್‌ಬೆರಿ ಪಾನಕ ಆಗಲೇಬೇಕು. ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟುಬಿಟ್ಟರೆ ಮನೆಯೆಲ್ಲ ಘಮಘಮ. ಅದನ್ನೇ ಇಲ್ಲೂ ಮಾಡೋಣ ಅಂತ.

ಅತ್ತಿಗೆ: ಕೊಡು ನೋಡೋಣ ಒಂದು. ಹುಳಿ ಹಣ್ಣು ಅಂತಿದ್ದೆ? ಇದು ಬರೀ ಸಿಹಿ.

ನಾದಿನಿ: ಒಣಗಿಸೋ ಮುಂಚೆ ಸಕ್ಕರೆ ಪಾಕ ಕುಡಿಸಿರ್ತಾರೆ. ಹಸಿ ಹಣ್ಣು ಬಾಯಿಗೆ ಹಾಕಿಕೊಂಡರೆ ಹುಳಿ, ಒಗರು ಎರಡೂ ಒಟ್ಟಿಗೆ ಹತ್ತಿ ಮುಖ ಕಿವಿಚಿಕೊಳ್ಳಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಇನ್ನೂ ಒಂದು ಉಪಾಯ ಇದೆ. ಹಣ್ಣನ್ನ ಹೆಚ್ಚಿ ಮೊದಲು ರಸ ತೆಗೀತಾರೆ, ಅದು ಜ್ಯೂಸ್ ಬಾಟಲಿಗೆ. ಉಳಿದ ಸಿಪ್ಪೆಗೆ ಸಕ್ಕರೆ ಹಿಡಿಸಿ, ಒಣಗಿಸಿ, ಹೀಗೆ ಪೊಟ್ಟಣ ಕಟ್ತಾರೆ.

ಅತ್ತಿಗೆ: ಅಂದ್ರೆ ಗಾಣದಲ್ಲಿ ಎಣ್ಣೆ ತೆಗೆದುಕೊಂಡು ಹಿಂಡಿ ನಮಗೆ ಕಳಿಸಿದಾರೆ. ನೀನು ಆ ಹಿಂಡಿಯಿಂದ ಮತ್ತೆ ಎಣ್ಣೆ ತೆಗೆಯೋಕೆ ಹೊರಟಿದೀಯ.

ನಾದಿನಿ: ನೀವು ಹೀಗಂದರೆ ಮಾಡೋ ಉಮೇದೇ ಇಳಿದುಹೋಗುತ್ತೆ.

ಅತ್ತಿಗೆ: ಇಳೀಲಿ ಬಿಡು, ಆಮೇಲೆ ಏರಿಸೋಣ. ಆ ಹಣ್ಣು ಬೆಳೆಯೋದನ್ನ ನೋಡಿದೀಯೋ, ಬರೀ ಬಾಟಲಿ ನೋಡಿದ್ದೋ?

ನಾದಿನಿ: ನೋಡಿದೀನಿ. ಕೇಪ್ ಕಾಡ್ ಅಂತ ಸಮುದ್ರದೊಳಕ್ಕೆ ಚಾಚಿಕೊಂಡ ಮರಳು ನೆಲ, ಬಾಸ್ಟನ್‌ನಿಂದ ಕಾರಲ್ಲಿ ಒಂದೂವರೆ ಎರಡು ಗಂಟೆ. ಅಲ್ಲಿನ ಜೌಗು ನೆಲದಲ್ಲಿ ಹರಡೋ ಬಳ್ಳಿ ಅದು, ಮೊಣಕಾಲೆತ್ತರಕ್ಕೂ ಬರಲ್ಲ. ಕಾಡು ಹಣ್ಣಾಗಿತ್ತು, ಅಲ್ಲಿನ ಮೂಲನಿವಾಸಿಗಳು ತಿಂತಿದ್ದರು. 1816ರಲ್ಲಿ ಡೆನಿಸ್ ಅನ್ನೋ ಊರಿನ ಹೆನ್ರಿ ಹಾಲ್ ಅನ್ನೋರು, ಗಾಳಿಗೆ ಮರಳು ಹಾರಿ ಬಿದ್ದ ಕಡೆ ಬಳ್ಳಿ ಚೆನ್ನಾಗಿ ಬರೋದನ್ನ ಗಮನಿಸಿ ಬೇಸಾಯ ಶುರು ಮಾಡಿದರಂತೆ. ಇವತ್ತಿಗೂ ಚಳಿಗಾಲದಲ್ಲಿ ಆ ಬಳ್ಳಿಗಳ ಮೇಲೆ ಮರಳು ಚೆಲ್ಲೋ ಪದ್ಧತಿ ಇದೆ. ಕೊಯ್ಲು ನೋಡಬೇಕು ನೀವು. ಗದ್ದೆಗೆ ನೀರು ಬಿಟ್ಟು, ಯಂತ್ರದಿಂದ ಬಳ್ಳಿ ಅಲುಗಿಸಿದರೆ ಹಣ್ಣು ಉದುರಿ ತೇಲುತ್ತೆ. ಒಂದೊಂದು ಹಣ್ಣಿನೊಳಗೂ ಗಾಳಿ ತುಂಬಿದ ನಾಲ್ಕು ಕೋಣೆ. ಕೆರೆ ಪೂರ್ತಿ ಕೆಂಪು, ಜನ ಸೊಂಟದವರೆಗೆ ನೀರಲ್ಲಿ ನಿಂತು ಒಂದು ಮೂಲೆಗೆ ತಳ್ಳಿಕೊಂಡು ಬರ್ತಾರೆ.

ಅತ್ತಿಗೆ: ಯಾವ ತಿಂಗಳಲ್ಲಿ ಇದೆಲ್ಲ?

ನಾದಿನಿ: ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಅದಾದ ಮೇಲೆ ಸಾಲಾಗಿ ಹಬ್ಬ. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಆಮೇಲೆ ಕ್ರಿಸ್‌ಮಸ್, ಹೊಸ ವರ್ಷ.

ಅತ್ತಿಗೆ: ಮತ್ತೆ ಇನ್ನೇನು. ಕಣದಲ್ಲಿ ರಾಶಿ ಬಿದ್ದಾಗ ಹಬ್ಬ ಬಂತು, ಹಬ್ಬದ ಅಡಿಗೆಗೆ ಅದನ್ನೇ ಹಾಕಿದರು. ನಾವು ಸಂಕ್ರಾಂತಿಗೆ ಅವರೆಕಾಯಿ ಕಬ್ಬು ತಿನ್ನೋದು ಯಾಕೆ? ಆಗ ಬರೋದೇ ಅದು. ರಾಮನವಮಿಗೆ ಕರಬೂಜದ ಹಣ್ಣು, ಬೇಲದ ಹಣ್ಣಿನ ಪಾನಕ ಯಾಕೆ? ಬಿಸಿಲಿಗೆ ಅದು ಬೇಕು, ಸಂತೇಲಿ ಅದೇ ಇರ್ತದೆ. ನೀನು ಅವರ ಹಣ್ಣು ತಂದೆ, ಅವರ ಲೆಕ್ಕ ಬಿಟ್ಟು ಬಂದೆ.

ನಾದಿನಿ: ಆ ಲೆಕ್ಕ ನನಗೂ ಗೊತ್ತು. ಅದಕ್ಕೇ ನಾನು ಮೊದಲು ಯೋಚನೆ ಮಾಡಿದ್ದು ಕವಳೆ ಹಣ್ಣು. ಪೇಪರಿನಲ್ಲಿ, ಫೋನಿನಲ್ಲಿ ಎಲ್ಲಿ ನೋಡಿದರೂ ಕವಳೆಯೇ ನಮ್ಮ ಕ್ರ್ಯಾನ್‌ಬೆರಿ ಅಂತ ಹೇಳ್ತಾರೆ. ಹುಳಿ ಅದೇ, ಬಣ್ಣ ಅದೇ, ಗಟ್ಟಿಯಾಗೋ ಗುಣವೂ ಅದೇ. ಜೆಲ್ಲಿ ಮಾಡಿದರೆ ಹೊರಗಿಂದ ಏನೂ ಸೇರಿಸಬೇಕಿಲ್ಲ, ಅಷ್ಟು ಪೆಕ್ಟಿನ್ ಇದೆ ಅದರಲ್ಲಿ. ನಿಮಗೆ ಗೊತ್ತಾ, ಬೇಕರಿ ಕೇಕಿನ ಮೇಲೆ, ಬೀಡಾದ ಮೇಲೆ ಕೂರಿಸೋ ಕೆಂಪು ಚೆರ್ರಿ ಬಹುಪಾಲು ಚೆರ್ರಿಯೇ ಅಲ್ಲ. ದೊಡ್ಡ ಜಾತಿಯ ಕವಳೆ, ಉತ್ತರದವರು ಕರೋಂದಾ ಅಂತಾರಲ್ಲ, ಅದರ ಬೀಜ ತೆಗೆದು, ಬಣ್ಣ ಹಾಕಿ, ದಿನಗಟ್ಟಲೆ ಪಾಕದಲ್ಲಿ ಇಟ್ಟಿದ್ದು.

ಅತ್ತಿಗೆ: ಆಹಾ! ನಾವು ಮುಳ್ಳು ತರಚಿಸಿಕೊಂಡು ಕಿತ್ತಿದ್ದಕ್ಕೆ ಲೋಟಕ್ಕೆ ಇಷ್ಟು ಅಂತ ಬಸ್ ಸ್ಟ್ಯಾಂಡಲ್ಲಿ ಮಾರೋದು, ಬೇಕರಿಯವನು ಒಂದೊಂದೇ ಎಣಿಸಿ ಕೂರಿಸೋದು. ನಮ್ಮ ತವರು ಜೋಗಿಮಟ್ಟಿ ಬುಡದಲ್ಲಿ ಅಲ್ವಾ, ಕವಳೆ ವಿಷಯ ನನಗೆ ಹೇಳಬೇಡ. ಕವಲು ಮುಳ್ಳು, ಕಿತ್ತ ಕಡೆ ಹಾಲು ಸುರಿಯೋದು. ಬೇಸಿಗೇಲಿ ಮಲ್ಲಿಗೆ ಹೂವಿನ ಹಾಗೆ ಬೆಳ್ಳಗೆ ಬಿಟ್ಟು, ಮುಂಗಾರಿನ ಹನಿ ಬಿದ್ದ ಮೇಲೆ ಕಾಯಿ ಕೆಂಪಾಗಿ ಕಪ್ಪಾಗ್ತದೆ. ಆ ಹಣ್ಣು ಡಿಸೆಂಬರಿಗೆ ಎಲ್ಲಿಂದ ತರ್ತೀಯ? ಮೇ, ಜೂನು, ಹೆಚ್ಚೆಂದರೆ ಆಷಾಢ. ಈಗ ಗಿಡದಲ್ಲಿ ಮುಳ್ಳು ಬಿಟ್ಟು ಏನೂ ಇಲ್ಲ. ಅದೂ ಅಲ್ಲದೆ ಈಗ ಆ ಗುಡ್ಡ ವನ್ಯಜೀವಿ ಧಾಮ, ಬೇಕೆಂದಾಗ ಬುಟ್ಟಿ ಹಿಡಕೊಂಡು ಒಳಗೆ ಹೋಗೋ ಹಾಗಿಲ್ಲ. ಬೇಲಿ ಸಾಲಿನ ಗಿಡಗಳನ್ನ ಜೆಸಿಬಿ ಬಂದು ನುಂಗಿತು.

ನಾದಿನಿ: ಜೂನಿನಲ್ಲೇ ಪಾಕ ಮಾಡಿ ಇಟ್ಟುಕೊಂಡಿದ್ದರೆ ಆಗ್ತಿತ್ತು.

ಅತ್ತಿಗೆ: ಇಟ್ಟುಕೊಂಡಿದ್ದರೆ! ಒಂದು ಸಲ ಮಾಡಿದ್ದೆ. ಬೇಯಿಸುವಾಗ ಹಾಲು ಬಿಟ್ಟು ಪಾತ್ರೆ ಅಂಚಿಗೆಲ್ಲ ಗೋಂದು ಅಂಟಿಕೊಂಡು, ಸೌಟೆಲ್ಲ ಜಿಗಿಜಿಗಿ.

ನಾದಿನಿ: ಅಷ್ಟಕ್ಕೆ ಬಿಟ್ಟುಬಿಟ್ರಾ? ಅದನ್ನ ಆರೋಕೆ ಬಿಡಬೇಕು ಅತ್ತಿಗೆ. ಕುದೀವಾಗ ಮಡ್ಡಿ ಮಡ್ಡಿಯಾಗಿ ಕಾಣೋ ರಸ ತಣ್ಣಗಾದ ಮೇಲೆ ತಿಳಿಯಾಗುತ್ತೆ. ಬಟ್ಟೆಯಲ್ಲಿ ಸೋಸಿಕೊಂಡರೆ ಗೋಂದು ಅಲ್ಲೇ ಉಳಿಯುತ್ತೆ. ಪಾತ್ರೆ ಅಂಚಿಗೆ ಎಣ್ಣೆ ಸವರಿ ತಿಕ್ಕಿದರೆ ಹೋಗುತ್ತೆ.

ಅತ್ತಿಗೆ: ಮುಂದಿನ ವರ್ಷಕ್ಕಾಯ್ತು ಬಿಡು. ಈಗ ಈ ಕಡೆ ಬಾ, ಬದುವಿನ ಮೇಲೆ ಏನೈತೆ ನೋಡು.

ನಾದಿನಿ: ಪುಂಡಿ. ಅಯ್ಯೋ, ಹೌದಲ್ಲ! ಇದು ಜಮೈಕಾದವರ ಸಾರೆಲ್! ಅಲ್ಲಿ ನಮ್ಮ ಮನೆ ಪಕ್ಕದಲ್ಲಿ ಜಮೈಕಾದ ಅಜ್ಜಿ ಒಬ್ಬರಿದ್ದರು. ಕ್ರಿಸ್‌ಮಸ್‌ಗೆ ಅವರು ಕ್ರ್ಯಾನ್‌ಬೆರಿ ಮುಟ್ಟುತ್ತಲೇ ಇರಲಿಲ್ಲ. ಒಣಗಿದ ಇದೇ ಕೆಂಪು ದಳ ತಂದು, ಶುಂಠಿ ಜಜ್ಜಿ ಹಾಕಿ, ಕುದಿನೀರು ಹುಯ್ದು ರಾತ್ರಿಯೆಲ್ಲ ಮುಚ್ಚಿಡೋರು. ಬೆಳಿಗ್ಗೆ ಸೋಸಿ ಸಕ್ಕರೆ ಬೆರೆಸಿ, ದೊಡ್ಡವರ ಪಾಲಿಗೆ ಸ್ವಲ್ಪ ರಮ್. ಅವರ ಊರಲ್ಲಿ ಇದಿಲ್ಲದೆ ಕ್ರಿಸ್‌ಮಸ್ಸೇ ಇಲ್ಲ. ಈಜಿಪ್ಟಿನವರು ಕರ್ಕದೆ ಅಂತಾರೆ, ಸೆನೆಗಲ್ ಕಡೆ ಬಿಸಾಪ್. ಅಮೆರಿಕದ ಫ್ಲೋರಿಡಾದಲ್ಲಿ ಕ್ರ್ಯಾನ್‌ಬೆರಿ ಬೆಳೆಯಲ್ಲ ಅಂತ ಹಿಂದೆ ಇದನ್ನೇ ಬೆಳೆದು ಅದರ ಬದಲಿಗೆ ಸಾಸ್ ಮಾಡ್ತಿದ್ದರು. ನೋಡಿ, ನಾನು ಎಂಟು ಸಾವಿರ ಮೈಲಿ ದೂರದಿಂದ ಹಿಂಡಿ ತರಿಸಿಕೊಂಡು ಕೂತಿದೀನಿ.

ಅತ್ತಿಗೆ: ನಿನ್ನ ಅಜ್ಜಿ ಕಂಡುಕೊಂಡಿದ್ದು ಸರಿಯಾಗಿಯೇ ಐತೆ. ಸಾವೆ ಹೊಲದಲ್ಲಿ ಅಕ್ಕಡಿ ಸಾಲು ಬಿತ್ತುವಾಗ ನಾಲ್ಕು ಕಾಳು ಪುಂಡಿ ಎಸೀತೀವಿ. ಮಳೆಗಾಲ ಪೂರ್ತಿ ಸೊಪ್ಪು ಕಿತ್ತು ಬೇಳೆಗೆ ಹಾಕೋದು, ಚಟ್ನಿ ಅರೆಯೋದು. ಚಳಿ ಶುರುವಾಯ್ತು ಅಂದ್ರೆ ಎಲೆ ಸಣ್ಣದಾಗಿ ಹೂ ಬಿಡ್ತದೆ, ಆಮೇಲೆ ಈ ಕೆಂಪು ಬಟ್ಟಲು. ಚಟ್ನಿಗೆ ಅಂತ ಒಂದು ಹಿಡಿ ಕಿತ್ತುಕೊಂಡರೆ ಹೆಚ್ಚು. ಮಿಕ್ಕಿದ್ದು ಹೊಲದಲ್ಲೇ ಒಣಗಿ ಉದುರ್ತದೆ.

ನಾದಿನಿ: ಅದು ಚಳಿಗೆ ಬಿಡೋ ಹೂ ಅಲ್ಲ, ಹಗಲು ಗಿಡ್ಡ ಆಗಿದ್ದಕ್ಕೆ ಬಿಡೋದು. ಹಗಲು ಹನ್ನೆರಡು ಗಂಟೆಯ ಆಸುಪಾಸಿಗೆ ಇಳೀತಿದ್ದ ಹಾಗೆ ಗಿಡಕ್ಕೆ ತಿಳಿಯುತ್ತೆ. ನೀವು ಮೇ ತಿಂಗಳಲ್ಲಿ ಹಾಕಿ, ಜುಲೈನಲ್ಲಿ ಹಾಕಿ, ಹೂ ಬರೋದು ಹಗಲು ಕಮ್ಮಿಯಾದ ಮೇಲೆಯೇ. ಹೂ ಉದುರಿ ಮೂರು ವಾರಕ್ಕೆ ಬಟ್ಟಲು ತುಂಬಿಕೊಳ್ಳುತ್ತೆ. ಜಮೈಕಾ ಆಗಲಿ ನಮ್ಮ ಹೊಸದುರ್ಗ ಆಗಲಿ, ಡಿಸೆಂಬರಿಗೇ ಸರಿಯಾಗಿ ಬರೋದಕ್ಕೆ ಅದೇ ಕಾರಣ. ಈ ಲೆಕ್ಕದಲ್ಲಿ ಕವಳೆಗಿಂತ ಪುಂಡಿಯೇ ಹತ್ತಿರದ ನೆಂಟ.

ಅತ್ತಿಗೆ: ಎಲ್ಲಾ ಪುಂಡಿಯೂ ಆಗಲ್ಲ ಮತ್ತೆ. ಮಾವನವರ ಕಾಲದಲ್ಲಿ ಹಗ್ಗಕ್ಕೆ ಅಂತ ಹಾಕ್ತಿದ್ದ ನಾರಿನ ಪುಂಡಿ ಬೇರೆ. ಅದು ಆಳೆತ್ತರ ಹೋಗ್ತದೆ, ಬಟ್ಟಲಲ್ಲಿ ತಿರುಳು ಇರಲ್ಲ. ಸಂತೇಲಿ ಬೀಜ ಕೇಳಿದರೆ ಎರಡನ್ನೂ ಪುಂಡಿ ಅಂತಲೇ ಕೊಡ್ತಾರೆ. ಕಾಂಡ ಕೆಂಪಗಿರೋದು, ಕಿವುಚಿದರೆ ಬೆರಳು ಕೆಂಪಾಗೋದು, ಅದು ನಮಗೆ ಬೇಕಾದ್ದು. ತಗೋ ಈ ಕುಕ್ಕೆ. ಮಾತಾಡ್ತಾ ಕಿತ್ತುಬಿಡೋಣ.

ನಾದಿನಿ: ಆದರೆ ಒಂದು ಮಾತು. ಪುಂಡಿಯೂ ನಮ್ಮದೇನಲ್ಲ. ಆಫ್ರಿಕಾದ ಗಿಡ. ಅಣ್ಣ ತೋಟದಲ್ಲಿ ಬೆಳೆಯೋ ದಾಳಿಂಬೆ ಇರಾನ್ ಕಡೆಯಿಂದ ಬಂದಿದ್ದು. ನನ್ನ ಪೊಟ್ಟಣಕ್ಕೆ ಮಾತ್ರ ಯಾಕೆ ಇಷ್ಟು ಮಂಗಳಾರತಿ?

ಅತ್ತಿಗೆ: ಬಂದವರು ಬರಲಿ, ಹೊಲದಲ್ಲಿ ಕೆಲಸ ಮಾಡಲಿ. ಮೆಣಸಿನಕಾಯಿ, ಶೇಂಗಾ ಎಲ್ಲಾ ಹಾಗೇ ಬಂದಿದ್ದಲ್ವಾ? ನಿನ್ನ ಕ್ರ್ಯಾನ್‌ಬೆರಿ ಇಲ್ಲಿ ಬೆಳೆಯೋದಾದರೆ ನಾಳೆಯೇ ನಿಮ್ಮಣ್ಣನ ಹತ್ತಿರ ಅರ್ಧ ಎಕರೆ ಬಿಡಿಸಿಕೊಡ್ತೀನಿ.

ನಾದಿನಿ: ಬೆಳೆಯಲ್ಲ. ಅದಕ್ಕೆ ಹುಳಿ ಮಣ್ಣು ಬೇಕು, ಕೊಳೆತ ಸೊಪ್ಪುಸದೆ ತುಂಬಿದ ಜೌಗು ಬೇಕು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕೊರೆಯೋ ಚಳಿ ಬೇಕು. ನಮ್ಮ ಕಡೆ ಹಿರಿಯೂರಿನ ಎರೆ ಭೂಮಿ ಕ್ಷಾರ, ಮಳೆ ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು. ಅದರ ನೆಂಟರು ನೀಲಗಿರಿಯ ಶೋಲಾ ಕಾಡುಗಳಲ್ಲಿ ಇದ್ದಾರೆ, ಅಷ್ಟೇ.

ಅತ್ತಿಗೆ: ಹಾಗಾದರೆ ಆ ಮಾತು ಮುಗೀತು. ಇಲ್ಲಿ ನೋಡು, ಬೀಜದ ಗಂಟು ತೆಗೆಯೋದು ಹೀಗೆ. ತೊಟ್ಟಿನ ಕಡೆ ಚಾಕುವಿನಿಂದ ಸುತ್ತ ಕೊರೆದು, ಹಿಂದಿನಿಂದ ತಳ್ಳು. ಗಂಟು ಮುಂದಿನಿಂದ ಹೊರಗೆ ಬರ್ತದೆ, ಬಟ್ಟಲು ಇಡಿಯಾಗಿ ಉಳೀತದೆ. ಗಂಟಿನ ಮೇಲಿನ ಸುಂಕು ಬೆರಳಿಗೆ ಚುಚ್ಚಿದರೆ ಸಂಜೆವರೆಗೂ ತುರಿಸ್ತದೆ. ತಲೆಯಲ್ಲಿ ಇರಲಿ, ಒಂದು ಕುಕ್ಕೆ ತುಂಬ ಕಿತ್ತರೆ ಬಟ್ಟಲು ಅರ್ಧಕ್ಕಿಂತ ಕಮ್ಮಿ ಸಿಗ್ತದೆ. ಕೂಲಿ ಕೊಟ್ಟು ಮಾಡಿಸಿದರೆ ನಿನ್ನ ಪೊಟ್ಟಣದ ಬೆಲೆಗೇ ಬಂದು ನಿಲ್ತದೆ. ಯಾವುದೂ ಪುಕ್ಕಟೆ ಅಲ್ಲ.

ನಾದಿನಿ: ಆಫ್ರಿಕಾದಲ್ಲಿ ಒಂದು ಸಣ್ಣ ಕಬ್ಬಿಣದ ಕೊಳವೆ ಇಟ್ಟುಕೊಂಡು ತಿವೀತಾರೆ, ಗಂಟು ಒಂದೇ ಏಟಿಗೆ ಹೊರಗೆ. ಹಳೇ ಸ್ಟೀಲ್ ಪೆನ್ನಿನ ಮುಚ್ಚಳದಲ್ಲೂ ಆಗಬಹುದು. ಈಗ ಅಳತೆ ಹೇಳ್ತೀನಿ. ಬಿಡಿಸಿದ ಬಟ್ಟಲು ಒಂದು ಕಿಲೋಗೆ ಮೂರು ಲೀಟರ್ ನೀರು. ನೀರು ಕುದಿ ಬಂದ ಮೇಲೆ ಬಟ್ಟಲು, ಜಜ್ಜಿದ ಹಸಿಶುಂಠಿ ನೂರು ಗ್ರಾಂ, ಏಳೆಂಟು ಲವಂಗ, ಬೆರಳುದ್ದದ ಎರಡು ಚಕ್ಕೆ. ಐದು ನಿಮಿಷ ಕುದಿಸಿ ಇಳಿಸಿ, ಮುಚ್ಚಿ, ರಾತ್ರಿ ಪೂರ್ತಿ ಬಿಡೋದು. ಬೆಳಿಗ್ಗೆ ಹಿಂಡದೆ ಸೋಸಬೇಕು, ಹಿಂಡಿದರೆ ಲೋಳೆ ಇಳಿಯುತ್ತೆ. ಸೋಸಿದ್ದಕ್ಕೆ ಮುಕ್ಕಾಲು ಕಿಲೋ ಸಕ್ಕರೆ. ಒಣಗಿಸಿದ ಬಟ್ಟಲಾದರೆ ಲೀಟರಿಗೆ ಐವತ್ತು ಗ್ರಾಂ ಸಾಕು.

ಅತ್ತಿಗೆ: ಸಕ್ಕರೆ ಯಾಕೆ? ಬೆಲ್ಲ ಹಾಕು. ಪಾನಕ ಅಂದ ಮೇಲೆ ಬೆಲ್ಲ.

ನಾದಿನಿ: ಬಣ್ಣ ಹೋಗುತ್ತೆ. ಬೆಲ್ಲ ಕಾಯಿಸುವಾಗ ಸುಣ್ಣ ಹಾಕಿರ್ತಾರೆ, ಸಾಲದ್ದಕ್ಕೆ ಅದರದ್ದೇ ಕಂದು ಬಣ್ಣ. ರುಚಿಗೆ ಮೋಸ ಇಲ್ಲ, ನೋಡೋಕೆ ಕೆಮ್ಮಣ್ಣು ಕದಡಿದ ನೀರು. ಮನೆಯವರಿಗೆ ಬೆಲ್ಲ, ನೆಂಟರಿಗೆ ಸಕ್ಕರೆ ಅಂತ ಎರಡು ಪಾತ್ರೆ ಮಾಡೋಣ ಬೇಕಾದರೆ.

ಅತ್ತಿಗೆ: ಬಣ್ಣ ಅಂದೆಯಲ್ಲ, ಕೇಳಬೇಕು ಅಂತಿದ್ದೆ. ಹೋದ ವರ್ಷ ಸುಮ್ಮನೆ ಬಟ್ಟಲು ನೆನೆಹಾಕಿ ನೋಡಿದ್ದೆ. ಬೋರಿನ ನೀರಲ್ಲಿ ಇಟ್ಟಿದ್ದು ನೇರಳೆ ಬಣ್ಣಕ್ಕೆ ತಿರುಗಿತು. ಕೆಟ್ಟು ಹೋಯ್ತೇನೋ ಅಂತ ಗಿಡಕ್ಕೆ ಹುಯ್ದೆ.

ನಾದಿನಿ: ಕೆಟ್ಟಿರಲಿಲ್ಲ. ಈ ಕೆಂಪಿಗೆ ಕಾರಣ ಆಂಥೋಸಯನಿನ್ ಅನ್ನೋ ಬಣ್ಣ. ಹುಳಿಯಲ್ಲಿ ಕೆಂಪು, ಹುಳಿ ಕಳೆದ ಹಾಗೆ ನೇರಳೆ, ಕ್ಷಾರ ಹೆಚ್ಚಾದರೆ ನೀಲಿ. ನಮ್ಮ ಜಿಲ್ಲೆಯ ಬೋರಿನ ನೀರು ಗಡಸು, ಕ್ಷಾರದ ಕಡೆಗೆ ವಾಲಿರೋದು. ನಿಂಬೆಹಣ್ಣಿನ ನಾಲ್ಕು ಹನಿ ಬಿಟ್ಟಿದ್ದರೆ ಕಣ್ಣೆದುರೇ ಮತ್ತೆ ಕೆಂಪಾಗ್ತಿತ್ತು. ಆದರೂ ಕುಡಿಯೋದಕ್ಕೆ ಬೋರಿನ ನೀರು ಬೇಡ. ಫ್ಲೋರೈಡ್ ಇದೆ, ಕುದಿಸಿದರೆ ಅದು ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ.

ಅತ್ತಿಗೆ: ಅದಕ್ಕೇ ಅಲ್ವಾ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರೋದು. ನಿಮಗೇನು, ದುರ್ಗದವರಿಗೂ ಹಿರಿಯೂರಿನವರಿಗೂ ಮಾರಿಕಣಿವೆ ನೀರು. ಕಟ್ಟಿಸಿದ ಪುಣ್ಯಾತ್ಮರ ಹೆಸರು ಹೇಳಿ ಕುಡೀರಿ.

ನಾದಿನಿ: 1907ರಲ್ಲಿ ಮುಗಿದ ಅಣೆಕಟ್ಟೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಅವತ್ತು ನಾವೂ ನೋಡೋಕೆ ಹೋಗಿದ್ವಲ್ಲ, ಕಾಲಿಡೋಕೂ ಜಾಗ ಇರಲಿಲ್ಲ.

ಅತ್ತಿಗೆ: ಆ ನೀರು ಬಂದ ಮೇಲೆ ದಾಳಿಂಬೆ ಹಾಕಿದವರು ಎಷ್ಟು ಜನ. ಸರಿ, ಪಾತ್ರೆ ಯಾವುದು? ಹಿತ್ತಾಳೆ ಕೊಳಗ ಐತೆ, ದೊಡ್ಡದು.

ನಾದಿನಿ: ಕಲಾಯಿ ಇದೆಯಾ?

ಅತ್ತಿಗೆ: ಕಲಾಯಿ ಹಾಕೋನು ಊರಿಗೆ ಬಂದು ಯಾವ ಕಾಲ ಆಯ್ತು!

ನಾದಿನಿ: ಹಾಗಾದರೆ ಬೇಡವೇ ಬೇಡ. ಇಷ್ಟು ಹುಳಿ ರಾತ್ರಿಯೆಲ್ಲ ಹಿತ್ತಾಳೆಯಲ್ಲೋ ತಾಮ್ರದಲ್ಲೋ ನಿಂತರೆ ಕಿಲುಬು ಬಿಡುತ್ತೆ. ಅಲ್ಯೂಮಿನಿಯಮ್ಮೂ ಬೇಡ. ಸ್ಟೀಲು, ಇಲ್ಲ ಗಾಜು, ಇಲ್ಲ ನಿಮ್ಮ ಉಪ್ಪಿನಕಾಯಿ ಜಾಡಿ.

ಅತ್ತಿಗೆ: ಕಿತ್ತಳೆ ಸಿಪ್ಪೆ ಅಂದಿದ್ದೆ. ಅದಕ್ಕೆ ಹೊಳಲ್ಕೆರೆ ಚಿಕ್ಕಮ್ಮ ಕಳಿಸಿದ ಹೇರಳೆಕಾಯಿ ಐತೆ, ಅಡಿಕೆ ತೋಟದ್ದು. ಅದರ ಸಿಪ್ಪೆ ಕೆರೆದು ಹಾಕಿದರೆ ನಿನ್ನ ಕಿತ್ತಳೆ ತಲೆ ಬಗ್ಗಿಸಬೇಕು. ನಾಲ್ಕು ಕಾಳು ಮೆಣಸೂ ಅದೇ ತೋಟದ್ದೇ.

ನಾದಿನಿ: ಹಸಿರು ಸಿಪ್ಪೆ ಮಾತ್ರ, ಒಳಗಿನ ಬಿಳಿ ಸೇರಿದರೆ ಕಹಿ. ಇಳಿಸೋಕೆ ಒಂದು ನಿಮಿಷ ಮುಂಚೆ ಹಾಕೋಣ. ಅಂದ ಹಾಗೆ ಅಣ್ಣನ ತೋಟದ ದಾಳಿಂಬೆ ಏನಾಯ್ತು?

ಅತ್ತಿಗೆ: ಕೇಳಬೇಡ. ಭಗವಾ ತಳಿ, ನೋಡೋಕೆ ರತ್ನ. ಮೊದಲು ಅಂಗಮಾರಿ ಬಂತು, ಮೈಮೇಲೆ ಕಪ್ಪು ಕಲೆ. ಅದನ್ನ ಔಷಧಿ ಹೊಡೆದು ತಡೆದರೆ ನಡುವೆ ನೀರು ಕೊಡೋದು ಏರುಪೇರಾಗಿ ಹಣ್ಣು ಸೀಳ್ತು. ಸೀಳಿದ್ದನ್ನ ವ್ಯಾಪಾರಿ ಕಾಲಲ್ಲಿ ಒದ್ದು ಪಕ್ಕಕ್ಕೆ ಸರಿಸ್ತಾನೆ. ಒಳಗೆ ಕಾಳು ಚೆನ್ನಾಗಿಯೇ ಇರ್ತದೆ. ಎರಡು ಕ್ರೇಟು ಹಿತ್ತಲಲ್ಲಿ ಬಿದ್ದೈತೆ, ಎಮ್ಮೆಗೆ ಹಾಕೋದೋ ನಿನಗೆ ಕೊಡೋದೋ ಅಂತ ನೋಡ್ತಿದ್ದೆ.

ನಾದಿನಿ: ಎಮ್ಮೆ ಕಾಯಲಿ. ಇವತ್ತು ಸೀಳಿದ್ದು, ಇನ್ನೂ ಬೂಸ್ಟು ಹಿಡೀದೆ ಇರೋದು ಮಾತ್ರ ಆರಿಸಿಕೊಡಿ. ಭಗವಾಕ್ಕೆ ಒಂದು ಕೊರತೆ ಇದೆ, ಬರೀ ಸಿಹಿ, ಹುಳಿ ಸಾಲದು. ಅದರ ರಸ ಒಂದೇ ಕುಡಿದರೆ ಎರಡನೇ ಗುಟುಕಿಗೆ ಸಪ್ಪೆ ಅನ್ನಿಸುತ್ತೆ. ಪುಂಡಿಗೆ ಇರೋದು ಬರೀ ಹುಳಿ, ಸಿಹಿ ಇಲ್ಲ. ಎರಡನ್ನೂ ಕೂಡಿಸಿದರೆ ಸಕ್ಕರೆ ಅರ್ಧಕ್ಕೆ ಇಳಿಸಬಹುದು. ಎರಡು ಲೋಟ ಪುಂಡಿ ಕಷಾಯಕ್ಕೆ ಒಂದು ಲೋಟ ದಾಳಿಂಬೆ ರಸ. ಕ್ರ್ಯಾನ್‌ಬೆರಿಯ ಆ ಒಗರು ಇದೆಯಲ್ಲ, ಅದೂ ದಾಳಿಂಬೆಯಿಂದ ಬರುತ್ತೆ. ಆದರೆ ದಾಳಿಂಬೆ ರಸ ಕುದಿಸಬಾರದು, ಕಂದು ಬಣ್ಣಕ್ಕೆ ತಿರುಗಿ ಬೇಯಿಸಿದ ವಾಸನೆ ಬರುತ್ತೆ. ಬಡಿಸೋ ಹೊತ್ತಿಗೆ ಹಸಿಯಾಗಿ ಬೆರೆಸೋದು.

ಅತ್ತಿಗೆ: ಮಿಕ್ಸಿಗೆ ಹಾಕ್ತೀಯ?

ನಾದಿನಿ: ಮಿಕ್ಸಿಗೆ ಹಾಕಿ ಗಿರ್ರ್ ಅನ್ನಿಸಿದರೆ ಬೀಜ ಒಡೆದು ಕಹಿ. ಕಾಳನ್ನ ಬಿಳಿ ಪಂಚೆ ತುಂಡಿನಲ್ಲಿ ಕಟ್ಟಿ ಕೈಯಲ್ಲೇ ಹಿಸುಕೋಣ.

ಅತ್ತಿಗೆ: ಪಂಚೆ ನಿಮ್ಮಣ್ಣಂದು. ಕೆಂಪಾದ ಮೇಲೆ ನೀನೇ ಉತ್ತರ ಕೊಡು. ಈಗ ಇದು ಎಷ್ಟು ದಿನ ಇರ್ತದೆ? ನಿನ್ನ ನೆಂಟರು ಬರೋದು ಇಪ್ಪತ್ತೈದಕ್ಕೆ.

ನಾದಿನಿ: ಈ ಅಳತೆಯಲ್ಲಿ ಫ್ರಿಡ್ಜ್‌ನಲ್ಲಿ ನಾಲ್ಕೈದು ದಿನ. ಹೆಚ್ಚು ಇಡಬೇಕಾದರೆ ಗಟ್ಟಿ ಪಾಕ ಮಾಡಬೇಕು. ನೂರು ಭಾಗದಲ್ಲಿ ಅರವತ್ತೈದು ಭಾಗ ಸಕ್ಕರೆಯೇ ಇದ್ದರೆ ಅದರೊಳಗೆ ಸುಲಭಕ್ಕೆ ಏನೂ ಬೆಳೆಯಲ್ಲ. ಅಂದರೆ ಒಂದು ಲೀಟರ್ ರಸಕ್ಕೆ ಎರಡು ಕಿಲೋಗೆ ಸ್ವಲ್ಪ ಕಮ್ಮಿ. ಕುಡಿಯೋವಾಗ ನಾಲ್ಕು ಪಟ್ಟು ನೀರು. ಕ್ರ್ಯಾನ್‌ಬೆರಿ ಈ ವಿಷಯದಲ್ಲಿ ಪುಣ್ಯವಂತ ಹಣ್ಣು. ಅದರೊಳಗೆ ಹುಟ್ಟಿನಿಂದಲೇ ಬೆನ್ಜೋಯಿಕ್ ಆಮ್ಲ ಇದೆ, ಅದಕ್ಕೇ ಹಸಿ ಹಣ್ಣೇ ತಿಂಗಳುಗಟ್ಟಲೆ ಕೆಡಲ್ಲ. ಹಿಂದೆ ಹಡಗಿನವರು ಪೀಪಾಯಿಯಲ್ಲಿ ತುಂಬಿಕೊಂಡು ಹೋಗ್ತಿದ್ದರು. ನಾವು ಅದನ್ನೇ ಸೋಡಿಯಂ ಬೆನ್ಜೋಯೇಟ್ ಅಂತ ಅಂಗಡಿಯಿಂದ ತಂದು ಚಿಟಿಕೆ ಹಾಕ್ತೀವಿ.

ಅತ್ತಿಗೆ: ನಮ್ಮ ಹೆಂಗಸರ ಸಂಘಕ್ಕೆ ಉಪ್ಪಿನಕಾಯಿ, ಷರಬತ್ತಿನ ತರಬೇತಿ ಕೊಡೋಕೆ ಬಂದವರು ಇನ್ನೊಂದು ಪುಡಿ ಹೇಳಿದ್ದರು. ಕೆಎಂಎಸ್ ಅಂತ ಏನೋ.

ನಾದಿನಿ: ಅದು ಮಾವಿಗೆ, ನಿಂಬೆಗೆ ಸರಿ. ಕೆಂಪು ಹಣ್ಣಿಗೆ ಹಾಕಿದರೆ ಅದರಿಂದ ಬಿಡುಗಡೆಯಾಗೋ ಗಂಧಕದ ಡೈಆಕ್ಸೈಡ್ ಬಣ್ಣವನ್ನೇ ತೊಳೆದುಬಿಡುತ್ತೆ. ದಾಳಿಂಬೆ, ನೇರಳೆ, ಪುಂಡಿ, ಮುರುಗಲು, ಇವಕ್ಕೆಲ್ಲ ಬೆನ್ಜೋಯೇಟೇ. ನಾನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮೊದಲು ಕಲಿತ ಪಾಠ ಅದು. ಬಾಟಲಿಗೆ ಮಾತ್ರ ಬಿಸಿನೀರಿನ ಸ್ನಾನ ಆಗಲೇಬೇಕು. ಅರೆಬರೆ ಸಿಹಿ ಇರೋದನ್ನ ಬಿಗಿ ಮುಚ್ಚಳ ಹಾಕಿ ಹೊರಗಿಟ್ಟರೆ ಹುದುಗು ಬಂದು ಬಾಟಲಿ ಸಿಡಿಯುತ್ತೆ.

ಅತ್ತಿಗೆ: ಹುದುಗಿಸಿದರೆ ವೈನ್ ಆಗ್ತದಲ್ಲ. ಕ್ರಿಸ್‌ಮಸ್‌ಗೆ ಅದನ್ನ ಮಾಡೋರು ಇದಾರೆ ಅಂತ ಕೇಳಿದೀನಿ.

ನಾದಿನಿ: ಬೆಂಗಳೂರು, ಮಂಗಳೂರಿನ ಮನೆಗಳಲ್ಲಿ ದ್ರಾಕ್ಷಿಯದು ಮಾಡ್ತಾರೆ. ಅದಕ್ಕೆ 1965ರ ಅಬಕಾರಿ ಕಾಯ್ದೆಯ ತೊಡಕಿದೆ. ನಿಮ್ಮ ಸಂಘದ ಬೋರ್ಡ್ ಪಕ್ಕದಲ್ಲಂತೂ ಆ ಮಾತೇ ಬೇಡ.

ಅತ್ತಿಗೆ: ನಿಮ್ಮಣ್ಣನಿಗೆ ಕೊಡಬಹುದಾ ಇದನ್ನ? ಶುಗರ್ ಐತೆ. ಅದೂ ಅಲ್ಲದೆ ಕ್ರ್ಯಾನ್‌ಬೆರಿ ಉರಿಮೂತ್ರಕ್ಕೆ ಒಳ್ಳೇದು ಅಂತ ಯಾರೋ ಹೇಳಿದ್ದರು.

ನಾದಿನಿ: ಅಣ್ಣನಿಗೆ ಸಕ್ಕರೆ ಇಲ್ಲದ ಪುಂಡಿ ಕಷಾಯ, ಉಪ್ಪು, ಜೀರಿಗೆ ಹಾಕಿ. ದಾಳಿಂಬೆ ಬೆರೆಸಬೇಡಿ. ಉರಿಮೂತ್ರದ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2023ರಲ್ಲಿ ಕಾಕ್ರನ್ ಸಂಸ್ಥೆಯವರು ಐವತ್ತು ಅಧ್ಯಯನ ಒಟ್ಟಿಗೆ ತೂಗಿ ನೋಡಿದರು. ಪದೇ ಪದೇ ಸೋಂಕು ಬರೋ ಹೆಂಗಸರಲ್ಲಿ, ಮಕ್ಕಳಲ್ಲಿ ಅದು ಮತ್ತೆ ಬರೋದನ್ನ ಕಮ್ಮಿ ಮಾಡುತ್ತೆ ಅಂತ ಗೊತ್ತಾಯ್ತು. ಆಗಲೇ ಬಂದ ಸೋಂಕು ಅದರಿಂದ ವಾಸಿಯಾಗಲ್ಲ, ಡಾಕ್ಟರ ಹತ್ತಿರವೇ ಹೋಗಬೇಕು. ರಕ್ತ ತೆಳುವಾಗಿಸೋ ವಾರ್ಫರಿನ್ ಮಾತ್ರೆ ನುಂಗೋರು ಕೇಳದೆ ಕುಡಿಯಬಾರದು. ಅದೆಲ್ಲ ಇರಲಿ, ಅಂಗಡಿ ಬಾಟಲಿಯ ಕ್ರ್ಯಾನ್‌ಬೆರಿ ಕಾಕ್‌ಟೇಲ್ ಅನ್ನೋದರಲ್ಲಿ ಹಣ್ಣಿನ ರಸ ಕಾಲು ಪಾಲಿನ ಆಸುಪಾಸು, ಮಿಕ್ಕಿದ್ದು ಸಕ್ಕರೆ ನೀರು. ಹಬ್ಬಕ್ಕೆ ಕುಡಿಯೋದನ್ನ ಔಷಧಿ ಅಂತ ಯಾಕೆ ಕರೀಬೇಕು ಅಂತ ನನಗೆ ಗೊತ್ತಾಗಲ್ಲ.

ಅತ್ತಿಗೆ: ಆ ಬಾಟಲಿ ಮಾಡೋನು ಯಾರು? ದೊಡ್ಡ ಸಾಹುಕಾರನೇ ಇರಬೇಕು.

ನಾದಿನಿ: ಅಲ್ಲ, ರೈತರು! ಓಷನ್ ಸ್ಪ್ರೇ ಅಂತ ಬೆಳೆಗಾರರ ಸಹಕಾರ ಸಂಘ, 1930ರಲ್ಲಿ ಶುರುವಾಗಿದ್ದು. ನಮ್ಮ ಹಾಲಿನ ಸಂಘದ ಥರ. 1959ರಲ್ಲಿ ಅವರಿಗೆ ಒಂದು ಪೆಟ್ಟು ಬಿತ್ತು. ಕಳೆನಾಶಕದ ಅಂಶ ಹಣ್ಣಿನಲ್ಲಿದೆ ಅಂತ ಸರ್ಕಾರ ಥ್ಯಾಂಕ್ಸ್‌ಗಿವಿಂಗ್‌ಗೆ ಹದಿನೇಳು ದಿನ ಮುಂಚೆ ಹೇಳಿಬಿಟ್ಟಿತು. ಹಬ್ಬದ ಮಾರಾಟ ನೆಲ ಕಚ್ಚಿತು. ನವೆಂಬರ್ ಒಂದೇ ತಿಂಗಳು ನಂಬಿಕೊಂಡರೆ ಕಷ್ಟ ಅಂತ ತಿಳಿದು, ವರ್ಷಪೂರ್ತಿ ಕುಡಿಯೋ ಜ್ಯೂಸಿನ ಕಡೆ ಅವರು ಗಟ್ಟಿಯಾಗಿ ತಿರುಗಿದ್ದು ಆಮೇಲೆ. ಅಣ್ಣನ ಸೀಳು ಹಣ್ಣು ನೋಡಿದಾಗೆಲ್ಲ ನನಗೆ ಇದೇ ನೆನಪಾಗೋದು. ಹಿರಿಯೂರು, ಹೊಸದುರ್ಗ ಸೇರಿ ಇಷ್ಟು ದಾಳಿಂಬೆ ಬೆಳೀತೀವಿ, ಸೀಳಿದ ಹಣ್ಣು ಹಿಂಡಿ ತುಂಬೋಕೆ ನಮ್ಮದು ಅಂತ ಒಂದು ಬಾಟಲಿ ಇಲ್ಲ.

ಅತ್ತಿಗೆ: ಬಾಟಲಿ ತುಂಬಬಹುದು. ಮಾರೋದು ಯಾರು? ಸಂಘದಲ್ಲಿ ಹನ್ನೆರಡು ಜನ ಇದೀವಿ. ಪುಂಡಿ ಷರಬತ್ತು ಅಂತ ಚೀಟಿ ಅಂಟಿಸಿದರೆ ದುರ್ಗದಲ್ಲಿ ನಕ್ಕು ಮುಂದೆ ಹೋಗ್ತಾರೆ. ಪುಂಡಿ ಅಂದ್ರೆ ಅವರಿಗೆ ಹತ್ತು ರೂಪಾಯಿ ಕಂತೆ ಸೊಪ್ಪು. ನಿನ್ನ ಹಾಗೆ ಓದಿದೋರೇ ಮೊದಲು ಬಂದಿದ್ದು ಈ ಪೊಟ್ಟಣ ಹಿಡಕೊಂಡು.

ನಾದಿನಿ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕ್ರ್ಯಾನ್‌ಬೆರಿ ಅಂತ ಮಾತ್ರ ಬರೀಬೇಡಿ, ಅದು ಸುಳ್ಳಾಗುತ್ತೆ. ಪುಂಡಿ-ದಾಳಿಂಬೆ ಅಂತಲೇ ಬರೀರಿ, ಗಾಜಿನ ಬಾಟಲಿಗೆ ತುಂಬಿ ಬೆಳಕಿಗೆ ಹಿಡಿದು ತೋರಿಸಿ. ಬಣ್ಣ ನೋಡಿ ಒಂದು ಗುಟುಕು ಕುಡಿದರೆ ಆಮೇಲೆ ಹೆಸರು ಯಾರು ಕೇಳ್ತಾರೆ?

ಅತ್ತಿಗೆ: ಕೇಳ್ತಾರೆ, ಕೇಳ್ತಾರೆ. ಆ ಮೂಲೆಯ ಎರಡು ಗಿಡ ಮುಟ್ಟಬೇಡ, ಬೀಜಕ್ಕೆ ಬಿಟ್ಟಿದೀನಿ. ಮುಂದಿನ ವರ್ಷ ಒಂದು ಸಾಲು ಹೆಚ್ಚಿಗೆ ಹಾಕೋದೋ ಬೇಡವೋ ಅನ್ನೋದು ನಿನ್ನ ನೆಂಟರ ಮೇಲೆ ಐತೆ.

ನಾದಿನಿ: ಈ ಪೊಟ್ಟಣ ಏನು ಮಾಡಲಿ?

ಅತ್ತಿಗೆ: ಲೋಟಕ್ಕೆ ನಾಲ್ಕು ಕಾಳು ಮೇಲೆ ಉದುರಿಸು, ಚೆಂದ ಕಾಣ್ತದೆ. ದುಡ್ಡು ಕೊಟ್ಟಿದೀಯ, ಎಸೆಯೋಕಾಗ್ತದಾ? ಮತ್ತೆ ಕೇಳು, ಚೆನ್ನಾಗೈತೆ ಅಂತ ಬಾಯಲ್ಲಿ ಎಲ್ಲರೂ ಹೇಳ್ತಾರೆ, ಅದನ್ನ ಲೆಕ್ಕಕ್ಕೆ ತಗೋಬೇಡ. ಎರಡನೇ ಲೋಟ ಕೇಳಿದವರು ಎಷ್ಟು ಜನ ಅಂತ ಎಣಿಸಿ, ರಾತ್ರಿ ಫೋನ್ ಮಾಡು.